ಸನ್ಯಾಸಿನಿಯರ ಪಾತ್ರೆಗಳು

ಬಡತನದ ವ್ರತ ತೊಟ್ಟವರ ಮಠಗಳಿಗೆ ಅಷ್ಟೊಂದು ಹೊಲ, ದ್ರಾಕ್ಷಿತೋಟ, ಗಿರಣಿಗಳು ಹೇಗೆ ಸೇರಿದವು ಎಂಬ ಪ್ರಶ್ನೆ ಯುರೋಪಿನ ಕ್ಯಾಥೊಲಿಕ್ ಮಠಗಳ ಚರಿತ್ರೆಯನ್ನು ಓದುವಾಗ ನನ್ನನ್ನು ಬಹಳ ದಿನ ಕಾಡಿತ್ತು. ಉತ್ತರ 6ನೇ ಶತಮಾನದ ಸಂತ ಬೆನೆಡಿಕ್ಟನ ನಿಯಮಾವಳಿಯಲ್ಲಿಯೇ ಇದೆ. ಪುಸ್ತಕವಾಗಲಿ, ಬರೆಯುವ ಹಲಗೆಯಾಗಲಿ, ಲೇಖನಿಯಾಗಲಿ ಸನ್ಯಾಸಿಯ ಸ್ವಂತದ್ದಾಗಿರಕೂಡದು ಎನ್ನುತ್ತದೆ ಅದರ 33ನೇ ಅಧ್ಯಾಯ. ಬಚ್ಚಿಟ್ಟ ವಸ್ತುಗಳಿಗಾಗಿ ಹಾಸಿಗೆಗಳನ್ನು ಮಠಾಧಿಪತಿ ಆಗಾಗ ಶೋಧಿಸಬೇಕೆನ್ನುತ್ತದೆ 55ನೆಯದು. ನಿಷೇಧವಿದ್ದದ್ದು ‘ನನ್ನದು’ ಎಂಬುದಕ್ಕೆ. ‘ನಮ್ಮದು’ ಎಂಬುದು ಎಷ್ಟು ಬೆಳೆದರೂ ವ್ರತಕ್ಕೆ ಭಂಗವಿರಲಿಲ್ಲ.

ಈ ನಿಷೇಧವನ್ನು ಎಷ್ಟು ಕಠೋರವಾಗಿ ಭಾವಿಸಿದ್ದರೆಂದರೆ, ಔಷಧಗಳ ನಡುವೆ 3 ಚಿನ್ನದ ನಾಣ್ಯಗಳನ್ನು ಅಡಗಿಸಿಟ್ಟಿದ್ದ ಯುಸ್ಟುಸ್ ಎಂಬ ಸನ್ಯಾಸಿಯ ಶವವನ್ನು ಆ ನಾಣ್ಯಗಳೊಡನೆ ತಿಪ್ಪೆಗುಂಡಿಯಲ್ಲಿ ಹೂಳಿಸಿದ್ದನ್ನು ಪೋಪ್ ಮಹಾ ಗ್ರೆಗೊರಿಯೇ ಹೇಳಿದ್ದಾನೆ. ಸನ್ಯಾಸಿಗೆ ಸ್ವಂತ ಆಸ್ತಿಯ ಅನುಮತಿ ಕೊಡುವ ಅಧಿಕಾರ ಪೋಪನಿಗೂ ಇಲ್ಲವೆಂದು 1202ರಲ್ಲಿ ಮೂರನೇ ಇನ್ನೊಸೆಂಟ್ ಸಾರಿದ.

ಆದರೂ ಮಧ್ಯಯುಗದ ಕೊನೆಯ ಹೊತ್ತಿಗೆ ಬಟ್ಟೆಯ ಬದಲು ಬಟ್ಟೆಯ ಹಣ ಹಂಚುವುದು, ಸನ್ಯಾಸಿನಿಯರು ಮನೆಯವರಿಂದ ಬರುವ ವಾರ್ಷಿಕ ಆದಾಯದಲ್ಲಿ ತಮ್ಮ ತಮ್ಮ ಅಡುಗೆ ಮಾಡಿಕೊಳ್ಳುವುದು ಅನೇಕ ಕಡೆ ರೂಢಿಯಾಗಿತ್ತು. ಇದನ್ನು ಬರಿಯ ದುರಾಸೆ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಎಷ್ಟೋ ಸನ್ಯಾಸಿನಿ ಮಠಗಳಿಗೆ ಎಲ್ಲರ ಊಟಕ್ಕಾಗುವಷ್ಟು ಆದಾಯವೇ ಇರಲಿಲ್ಲ. ಶ್ರೀಮಂತ ಮಠಗಳದ್ದು ಬೇರೆಯೇ ಸಂಕಟ: ಅಲ್ಲಿ ಮಠಾಧಿಪತಿಯ ಪದವಿಯನ್ನು ‘ಕಮೆಂಡಾ’ ಪದ್ಧತಿಯಂತೆ ಒಬ್ಬ ಕಾರ್ಡಿನಲ್‌ಗೋ ಬಿಷಪ್‌ಗೋ ವಹಿಸಿಕೊಡುತ್ತಿದ್ದರು, ಆತ ಮಠದಲ್ಲಿ ನೆಲೆಸದೆಯೇ ಅದರ ಉತ್ಪತ್ತಿಯನ್ನು ಉಣ್ಣುತ್ತಿದ್ದ. ‘ನಮ್ಮದು’ ಎಂಬುದೇ ಹೀಗೆ ಪರರ ಪಾಲಾದ ಮೇಲೆ ಸನ್ಯಾಸಿಯೊಬ್ಬ ನಾಲ್ಕು ಕಾಸು ಬಚ್ಚಿಟ್ಟರೆ ಆಶ್ಚರ್ಯವೇನು?

ರೋಗದ ಬೇರನ್ನು ಚೆನ್ನಾಗಿ ಕಂಡವನು, ನನ್ನ ದೃಷ್ಟಿಯಲ್ಲಿ, ಇಟಲಿಯ ಮಠ ಸುಧಾರಕ ಲುಡೊವಿಕೊ ಬಾರ್ಬೊ. 1409ರಲ್ಲಿ ಪಾದುವಾದ ಸಾಂತಾ ಜುಸ್ತೀನಾ ಮಠವನ್ನು ವಹಿಸಿಕೊಂಡಾಗ ಅಲ್ಲಿ ಉಳಿದಿದ್ದವರು ಬೆರಳೆಣಿಕೆಯಷ್ಟು ಮಂದಿ. ಆತ ಕಟ್ಟಿದ ಮಠಗಳ ಒಕ್ಕೂಟಕ್ಕೆ 1419ರಲ್ಲಿ ಪೋಪನ ಮನ್ನಣೆ ದೊರೆಯಿತು. ಅಲ್ಲಿ ಮಠಾಧಿಪತಿಯ ಪದವಿ ಆಜೀವವಲ್ಲವೆಂದಾಯಿತು, ಮೇಲಧಿಕಾರ ವರ್ಷಕ್ಕೊಮ್ಮೆ ಸೇರುವ ಮಹಾಸಭೆಗೆ ಹೋಯಿತು. ಹೀಗಾಗಿ ಆ ಪದವಿಯನ್ನು ಹೊರಗಿನವನ ಕೈಗೆ ದಾಟಿಸುವುದು ಕಷ್ಟವಾಯಿತು.

ಜರ್ಮನಿಯಲ್ಲಿ ಸುಧಾರಣೆ ನೇರವಾಗಿ ಅಡುಗೆಮನೆಗೇ ನುಗ್ಗಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದ ವಿಂಡೆಸ್‌ಹೈಮ್ ಎಂಬ ಮಠಗಳ ಒಕ್ಕೂಟದ ಯೊಹಾನೆಸ್ ಬುಶ್ 15ನೇ ಶತಮಾನದ ನಡುವಿನಲ್ಲಿ ಸ್ಯಾಕ್ಸನಿಯ ಸನ್ಯಾಸಿನಿ ಮಠಗಳಿಗೆ ಹೋಗಿ ಸ್ವಂತ ಹಣವನ್ನೂ ಪಾತ್ರೆಪಡಗಗಳನ್ನೂ ತಂದು ಎಲ್ಲರದ್ದೆಂದು ಒಂದೆಡೆ ಸೇರಿಸುವಂತೆ ಒತ್ತಾಯಿಸಿದ. ಅದನ್ನೆಲ್ಲ ಅವನೇ ಬರೆದಿಟ್ಟಿದ್ದಾನೆ. ಅವನ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಆದರೆ ಮನಸ್ಸು ನಿಲ್ಲುವುದು ವೆನಿಗ್ಸೆನ್ ಮಠದ ಸನ್ಯಾಸಿನಿಯರ ಬಳಿ. ಬುಶ್ ಡ್ಯೂಕನನ್ನೇ ಜೊತೆಗೆ ಕರೆತಂದು ಆಜ್ಞೆ ಮಾಡಿದಾಗ ಅವರು ಪ್ರಾರ್ಥನಾ ಮಂದಿರದ ನೆಲದ ಮೇಲೆ ಶಿಲುಬೆಯಂತೆ ತೋಳು ಚಾಚಿ ಮಲಗಿ, ‘ಬದುಕಿನ ನಡುವೆಯೇ ಸಾವಿನಲ್ಲಿದ್ದೇವೆ’ ಎಂಬರ್ಥದ ಲ್ಯಾಟಿನ್ ಸ್ತೋತ್ರವನ್ನು ಗಟ್ಟಿಯಾಗಿ ಹಾಡಿದರು. ಶಾಪದಂತೆ ಕೇಳಿಸಿದ ಆ ಹಾಡಿಗೆ ಡ್ಯೂಕ್ ತನ್ನ ನಾಡಿಗೇ ಕೇಡಾದೀತೆಂದು ಹೆದರಿದನಂತೆ. ಅವನಿಗೆ ಧೈರ್ಯ ಹೇಳುವ ಕೆಲಸವೂ ಬುಶ್‌ನ ಪಾಲಿಗೇ ಬಂತು.