ನಿಮಿಷಕ್ಕೆ 60 ಪದ, ಕಾಫಿ ಕೊಯ್ಲಿಗೆ ಮುಂಚೆ

ಹೊನ್ನಾಳಿ ಕಡೆಯ ನಮ್ಮ ಹಿರಿಯ ಪ್ರಾಥಮಿಕ ಶಾಲೆಯ ಆಫೀಸು ರೂಮಿನಲ್ಲಿ, ಬೀರುವಿನ ಪಕ್ಕ, ಜೂನ್‌ನಿಂದ ಒಂದು ಚಾರ್ಟ್ ನೇತಾಡುತ್ತಿತ್ತು: 'ಮಾರ್ಚ್ ಒಳಗೆ ಮೂರನೇ ತರಗತಿಯ ಪ್ರತಿ ಮಗು ನಿಮಿಷಕ್ಕೆ 60 ಪದ ಓದಬೇಕು.' ಅಂಕಿ ನಮ್ಮದಲ್ಲ, ಚಿಕ್ಕ ತರಗತಿಗಳ ಓದು-ಬರಹ, ಲೆಕ್ಕಕ್ಕೆಂದು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಶುರುಮಾಡಿದ ನಿಪುಣ್ ಭಾರತ್ ಯೋಜನೆಯದು. ಅಲ್ಲಿ 'ಅರ್ಥ ಮಾಡಿಕೊಂಡು' ಎಂದೂ ಇದೆ. ಚಾರ್ಟಿಗೆ ಇಳಿಯುವಾಗ ಅದು ಉದುರಿಹೋಗಿತ್ತು. ಅಂಕಿ ಉಳಿಯುತ್ತದೆ, ಜೊತೆಗಿದ್ದ ಮಾತು ಉದುರುತ್ತದೆ. ಮೀಟಿಂಗುಗಳಲ್ಲಿ ಇದನ್ನು ನೋಡಿ ನೋಡಿ ಅಭ್ಯಾಸವಾಗಿದೆ.

ದಸರಾ ರಜೆ ಕಳೆದ ಮೇಲೆ ಗುರಿ ಎಲ್ಲಿಗೆ ಬಂತು ನೋಡೋಣ ಎಂದು ಹೆಡ್ ಮಾಸ್ಟರ್ ಒಂದು ಶನಿವಾರ ಗೊತ್ತು ಮಾಡಿದರು. ಷರತ್ತು ಒಂದೇ: ಮಗುವಿಗೆ ಪಾಠ ಮಾಡುವವರು ಆ ಮಗುವಿನ ಓದು ಕೇಳುವಂತಿಲ್ಲ, ಬೇರೆ ತರಗತಿಯವರು ಕೇಳಬೇಕು. "ಸರ್, ಓದಿಸೋದು ನಲಿ-ಕಲಿಯವರ ಕೆಲಸ ಅಲ್ವಾ, ನಮಗ್ಯಾಕೆ?" ಅಂದರು ಗಣಿತದ ಮೇಷ್ಟ್ರು. (ನಲಿ-ಕಲಿ ಎಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಾರ್ಡು, ಚಟುವಟಿಕೆಗಳಲ್ಲಿ ಕಲಿಸುವ ಪದ್ಧತಿ.) ಹೆಡ್ ಮಾಸ್ಟರ್ ಅದಕ್ಕೆ ಉತ್ತರ ಕೊಡಲಿಲ್ಲ. ಏಳನೇ ತರಗತಿಯ ಒಂದು ಕಟ್ಟು ಉತ್ತರ ಪತ್ರಿಕೆ ತಂದು ಮೇಷ್ಟ್ರ ಮುಂದಿಟ್ಟರು. ಲೆಕ್ಕ ಬರುವ ಹುಡುಗರೂ ಪ್ರಶ್ನೆ ಓದಲಾಗದೆ ಖಾಲಿ ಬಿಟ್ಟಿದ್ದ ಹಾಳೆಗಳು ಅವು.

ನಾನು ದೊಡ್ಡ ತರಗತಿಗಳಿಗೆ ಕನ್ನಡ ಹೇಳಿಕೊಡುವವಳು. ನನ್ನ ಪಾಲಿಗೆ ಎರಡು, ಮೂರನೇ ತರಗತಿಯ ಮಕ್ಕಳು ಬಂದರು. ಮಕ್ಕಳ ಕಲಿಕೆ ಗುರುತಿಸಿಡುವ ನಲಿ-ಕಲಿಯ 'ಪ್ರಗತಿ ನೋಟ'ದಲ್ಲಿ ಅವರ ಮೈಲಿಗಲ್ಲುಗಳು, ಅಂದರೆ ಕಲಿಕೆಯ ಹಂತಗಳು, ಎಲ್ಲ ದಾಟಿದಂತಿದ್ದವು. ಮೊದಲು ಕೂತ ಹುಡುಗಿ ಕಾರ್ಡನ್ನು ಸರಾಗ ಓದಿದಳು, ಅರವತ್ತಕ್ಕಿಂತ ಹೆಚ್ಚೇ ಪದ. ಅದೇ ಪದಗಳನ್ನು ಹಿಂದುಮುಂದು ಮಾಡಿ ಸ್ಲೇಟಿನ ಮೇಲೆ ಬರೆದುಕೊಟ್ಟೆ. ತಡವರಿಸಿದಳು. ಕಾರ್ಡು ಅವಳಿಗೆ ಬಾಯಿಪಾಠವಾಗಿತ್ತು.

ಉಳಿದವರ ಓದು ಕೇಳುತ್ತ ಹೋದ ಹಾಗೆ ಇನ್ನೊಂದು ಗೊತ್ತಾಯಿತು. ರ, ಗ, ಸ, ದ, ಅ ಎಂದು ನಲಿ-ಕಲಿಯ ಕ್ರಮದಲ್ಲಿ ಕಲಿತ ಮೂಲಾಕ್ಷರಗಳಲ್ಲಿ ಯಾರಿಗೂ ತೊಂದರೆ ಇರಲಿಲ್ಲ. ಅರಸ, ಸರ, ಅಗಸ ಎಲ್ಲ ಬರುತ್ತಿದ್ದವು. ಕಾಗುಣಿತದಲ್ಲಿ ದೀರ್ಘಗಳು ಅಲ್ಲಲ್ಲಿ ತಪ್ಪುತ್ತಿದ್ದವು, ಅಷ್ಟೆ. ಬಂಡಿ ನಿಲ್ಲುತ್ತಿದ್ದದ್ದು ಒತ್ತಕ್ಷರದಲ್ಲಿ. 'ಅಕ್ಕ' ನೋಡಿ ನೋಡಿ ಗುರುತಾಗಿದೆ, 'ಅಟ್ಟ' ಬರುವುದಿಲ್ಲ. 'ಶಕ್ತಿ'ಯನ್ನು ಒಬ್ಬ 'ಶಕಿತ' ಎಂದ. ತಪ್ಪು ಅನ್ನುವ ಮೊದಲು ಅವನ ಕಣ್ಣಿನಿಂದ ನೋಡಬೇಕು: ಗುಡಿಸು ಕೂತಿರುವುದು ಕಕಾರದ ತಲೆಯ ಮೇಲೆ, ಉಚ್ಚಾರವಾಗಬೇಕಾದದ್ದು ಕೆಳಗಿರುವ ತಕಾರದ ಜೊತೆ. 'ಸೂರ್ಯ'ದಲ್ಲಿ ಅರ್ಕಾವತ್ತು ಯಕಾರದ ಆಚೆಗಿದೆ, ಬಾಯಲ್ಲಿ ಅದು ಮೊದಲು ಬರಬೇಕು. ಮಗು ಕಂಡ ಕ್ರಮದಲ್ಲೇ 'ಸೂಯರ' ಎಂದು ನಿಷ್ಠೆಯಿಂದ ಓದುತ್ತದೆ. ಇದನ್ನು ಯಾರಾದರೂ ಬೆರಳಿಟ್ಟು ತೋರಿಸಿಕೊಡಬೇಕು. ತಾನಾಗಿ ಹೊಳೆಯುವ ಸಂಗತಿಯಲ್ಲ.

ಗಣಿತದ ಮೇಷ್ಟ್ರು ಅಷ್ಟರಲ್ಲಿ ತಮ್ಮ ಲೆಕ್ಕ ಶುರುಮಾಡಿದ್ದರು. "ಮೇಡಂ, 'ಆನೆ'ನೂ ಒಂದು ಪದ, 'ಮನೆಯಲ್ಲಿದ್ದವರೆಲ್ಲ'ನೂ ಒಂದು ಪದ. ಅರವತ್ತು ಅಂದ್ರೆ ಯಾವ ಅರವತ್ತು?" ಕನ್ನಡದಲ್ಲಿ ಪ್ರತ್ಯಯ ಸೇರುತ್ತ ಪದ ಎಷ್ಟುದ್ದ ಬೇಕಾದರೂ ಬೆಳೆಯುತ್ತದೆ. ಚಿಕ್ಕ ಪದಗಳ ಪುಟ ಕೊಟ್ಟರೆ ಇಡೀ ತರಗತಿ ಪಾಸು, ಉದ್ದ ಪದಗಳದ್ದು ಕೊಟ್ಟರೆ ಇಡೀ ತರಗತಿ ಫೇಲು. ವೇಗ ಬೇಡ ಎಂದು ನಾನು ಹೇಳುವುದಿಲ್ಲ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಹೋಗುವ ಮಗು ವಾಕ್ಯದ ಕೊನೆ ಮುಟ್ಟುವ ಹೊತ್ತಿಗೆ ಮೊದಲನ್ನು ಮರೆತಿರುತ್ತದೆ. ಆದರೆ ಅಳತೆಗೆ ಒಂದು ಗೊತ್ತಾದ ಪುಟ ಬೇಕು, ಕೊನೆಯಲ್ಲಿ ಒಂದು ಪ್ರಶ್ನೆಯೂ ಬೇಕು.

ಆ ಪ್ರಶ್ನೆಯಲ್ಲೂ ಒಂದು ತೊಡಕು ಬಂತು. ತಾಂಡಾದ ಹುಡುಗನೊಬ್ಬ ನಿಧಾನವಾಗಿ, ತಪ್ಪಿಲ್ಲದೆ ಓದಿ ಮುಗಿಸಿದ. "ಏನಾಯ್ತು ಕಥೇಲಿ?" ಅಂದರೆ ಸುಮ್ಮನೆ ನಿಂತ. ಅರ್ಥವಾಗಿಲ್ಲ ಎಂದು ಬರೆದುಕೊಳ್ಳುವುದರಲ್ಲಿದ್ದೆ. ಬಿಸಿಯೂಟದ ಅಡುಗೆಯ ಅಕ್ಕ ಅದೇ ತಾಂಡಾದವರು. ಅವರು ಲಂಬಾಣಿಯಲ್ಲಿ ಕೇಳಿದ್ದೇ ತಡ, ಮೇಕೆ ತಪ್ಪಿಸಿಕೊಂಡದ್ದರಿಂದ ಹಿಡಿದು ಕೊನೆಯವರೆಗೆ ಕೈಬಾಯಿ ಆಡಿಸುತ್ತ ಹೇಳಿದ. ಅಕ್ಕ ನಕ್ಕು ನನಗೆ ಕನ್ನಡದಲ್ಲಿ ದಾಟಿಸಿದರು. ಯಾವ ಭಾಷೆಯಲ್ಲಿ ಹೇಳಿದರೂ ಸರಿ ಎಂದು ಅಂದೇ ಗುರಿಗೆ ಸೇರಿಸಿದೆವು.

ಆಮೇಲೆ ಸ್ಟಾಫ್ ಮೀಟಿಂಗು ಬಿಸಿಯೇರಿತು. ನಲಿ-ಕಲಿ ಮೇಡಂ ಮುಖ ಸಣ್ಣದಾಗಿತ್ತು. "ಮೂರು ತರಗತಿ ಒಟ್ಟಿಗೆ ಕೂರಿಸಿಕೊಂಡು ಒಬ್ಬಳೇ ನಡೆಸ್ತೀನಿ, ಒಂದು ದಿನ ಬಂದು ತಪ್ಪು ಹುಡುಕೋದು ಸುಲಭ" ಅಂದರು. ಅವರ ಮಾತು ನ್ಯಾಯವಾದದ್ದೇ. ಅದಕ್ಕೇ ಪ್ರಾರ್ಥನೆ ಮುಗಿದ ಮೇಲಿನ ಅರ್ಧ ಗಂಟೆಯನ್ನು ಓದಿಗೆ ಬಿಟ್ಟು, ಹಿಂದುಳಿದ ಮಕ್ಕಳನ್ನು ಎಲ್ಲ ಶಿಕ್ಷಕರೂ ಹಂಚಿಕೊಂಡೆವು. ಒತ್ತಕ್ಷರದಲ್ಲಿ ಸಿಕ್ಕಿಕೊಂಡವರು ನನಗೆ, ಕಾಗುಣಿತದವರು ಗಣಿತದ ಮೇಷ್ಟ್ರಿಗೆ. ಬೀರುವಿನ ಕಥೆಪುಸ್ತಕಗಳು ಹಗ್ಗಕ್ಕೆ ಏರಿದವು. ಹರಿದರೆ ಯಾರು ಜವಾಬ್ದಾರಿ ಎಂಬ ಚರ್ಚೆಗೇ ಕಾಲು ಗಂಟೆ ಹೋಯಿತು.

ಗಡುವಿನ ಮಾತು ತೆಗೆದವರೂ ನಲಿ-ಕಲಿ ಮೇಡಮ್ಮೇ. "ಮಾರ್ಚ್ ಅಂತ ಬರೆದಿದ್ದೀರಿ ಸರ್, ತಾಂಡಾದವರು ಮಾರ್ಚ್‌ನಲ್ಲಿ ಎಲ್ಲಿರ್ತಾರೆ?" ಮೆಕ್ಕೆಜೋಳದ ಕೆಲಸ ಮುಗಿದರೆ ಹಲವು ಮನೆಗಳು ಮಕ್ಕಳ ಸಮೇತ ಚಿಕ್ಕಮಗಳೂರು ಕಡೆ ಕಾಫಿ ಕೊಯ್ಲಿಗೆ ಹೊರಡುತ್ತವೆ. ಚಾರ್ಟ್ ಬರೆದಾಗ ಆ ಲೆಕ್ಕ ಯಾರೂ ಹಾಕಿರಲಿಲ್ಲ. ಹೊರಡುವ ಮನೆಗಳ ಪಟ್ಟಿ ಮಾಡಿ, ಆ ಮಕ್ಕಳನ್ನು ಓದಿನ ಗುಂಪುಗಳಲ್ಲಿ ಮೊದಲಿಗೆ ಹಾಕಿದೆವು; ಹೋಗುವಾಗ ಕೈಗೆರಡು ಪುಸ್ತಕ, ಬಂದ ವಾರವೇ ಮತ್ತೆ ಓದಿಸಿ ಕೇಳುವುದು.

ಚಾರ್ಟಿನ ಮೇಲೆ ಬಿಳಿ ಹಾಳೆ ಅಂಟಿಸಿ ಹೊಸದಾಗಿ ಬರೆದೆವು. ಸುತ್ತಲಿನ ಶಾಲೆಗಳಿಗೆ ಭೇಟಿ ಕೊಡುವ ಇಲಾಖೆಯ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮುಂದಿನ ಸಲ ಬಂದಾಗ ಅದನ್ನು ಎರಡು ಸಲ ಓದಿ, "ಅರವತ್ತು ಎಲ್ಲಿ ಹೋಯ್ತು ಸರ್?" ಎಂದರು. "ನಿಮ್ಮ ನಮೂನೆಯಲ್ಲಿ ಹಾಗೇ ಇದೆ, ತುಂಬಿ ಕೊಡ್ತೀವಿ" ಎಂದು ಹೆಡ್ ಮಾಸ್ಟರ್ ಅವರನ್ನು ಗಣಿತದ ಮೇಷ್ಟ್ರ ಓದಿನ ಗುಂಪಿನ ಕಡೆಗೆ ಕರೆದುಕೊಂಡು ಹೋದರು.