ಮಾರಿಷಸ್‌ಗೆ ಹೋಗುವವರು ಪೋರ್ಟ್ ಲೂಯಿಗೆ ಒಂದು ಪೂರ್ತಿ ದಿನ ಇಡಿ

ಮಾರಿಷಸ್ ಪ್ಯಾಕೇಜ್ ಅಂದ್ರೆ ಬೀಚು, ಬೋಟು, ಮತ್ತೆ ಬೀಚು. ನಮ್ಮದರಲ್ಲಿ ರಾಜಧಾನಿ ಪೋರ್ಟ್ ಲೂಯಿಗೆ ಇದ್ದದ್ದು ಎರಡೇ ಗಂಟೆ, ಅದರಲ್ಲೂ ಅರ್ಧ ಶಾಪಿಂಗ್‌ಗೆ ಹೋಯಿತು. ಮನಸ್ಸು ತಡೆಯದೆ ಮರುದಿನ ಬೋಟ್ ಬಿಟ್ಟು ಒಬ್ಬಳೇ ವಾಪಸ್ ಬಂದೆ.

ಮೊದಲು ಆಪ್ರವಾಸಿ ಘಾಟ್‌ಗೆ ಹೋಗಿ, ವಾರದ ದಿನವೇ ಹೋಗಿ. ಬ್ರಿಟಿಷರು ಗುಲಾಮಗಿರಿ ನಿಲ್ಲಿಸಿದ ಹೊತ್ತಿಗೆ ಕಬ್ಬಿನ ತೋಟಗಳಿಗೆ ಆಳು ಬೇಕಿತ್ತು, ಹಾಗಾಗಿ 1834ರಿಂದ ಕರಾರು ಬರೆಸಿಕೊಂಡು ಸುಮಾರು 5 ಲಕ್ಷ ಜನರನ್ನು ಕರೆತಂದರು, ಅವರಲ್ಲಿ ಹೆಚ್ಚಿನವರು ಭಾರತದವರು, ಕಲ್ಕತ್ತಾ, ಮದ್ರಾಸು, ಬೊಂಬಾಯಿಯಲ್ಲಿ ಹಡಗು ಹತ್ತಿದವರು. ಇಲ್ಲಿ ಇಳಿದವರು ಹತ್ತಿದ 16 ಕಪ್ಪು ಕಲ್ಲಿನ ಮೆಟ್ಟಿಲು ಇನ್ನೂ ಇವೆ. ನಮ್ಮೂರಿನ ಕೆರೆಯ ಸೋಪಾನದಷ್ಟೇ ಸಾದಾ ಮೆಟ್ಟಿಲು. ನಾನಲ್ಲಿ ತುಂಬಾ ಹೊತ್ತು ಸುಮ್ನೆ ನಿಂತಿದ್ದೆ.

ಆಮೇಲೆ ಹಸಿವಾಗುತ್ತೆ, ಸೆಂಟ್ರಲ್ ಮಾರ್ಕೆಟ್ ಹತ್ತಿರವೇ ಇದೆ. ಧೋಲ್ ಪುರಿ ಕೇಳಿ. ಬೇಯಿಸಿದ ಬೇಳೆಯ ಹೂರಣ ತುಂಬಿ ತೆಳ್ಳಗೆ ಲಟ್ಟಿಸಿದ್ದು, ನೋಡಿದರೆ ನಮ್ಮ ಒಬ್ಬಟ್ಟೇ, ಬೆಲ್ಲ ಮಾತ್ರ ಇಲ್ಲ. ಎರಡು ಎರಡಾಗಿಯೇ ಕೊಡುತ್ತಾರೆ, ಒಳಗೆ ದೊಡ್ಡ ಬೀನ್ಸ್ ಕಾಳಿನ ಸಾರು, ಟೊಮೆಟೊ ಗೊಜ್ಜು, ಖಾರದ ಚಟ್ನಿ. ಖಾರ ಜಾಸ್ತಿ, ಮೊದಲೇ ಹೇಳಿಬಿಡಿ. ಜೊತೆಗೆ ಆಲೂದಾ ಕುಡಿಯಿರಿ, ಕಾಮಕಸ್ತೂರಿ ಬೀಜ ಹಾಕಿದ ತಣ್ಣನೆ ಹಾಲು. ಧೋಲ್ ಪುರಿ ಮಾರುವ ಅಮ್ಮ ನನ್ನ ಜೊತೆ ಹಿಂದಿ, ಮುಂದಿನ ಗಿರಾಕಿಗೆ ಕ್ರಿಯೋಲ್, ಫೋನಲ್ಲಿ ಫ್ರೆಂಚ್ ಮಾತಾಡಿದರು, ಒಂದೇ ಉಸಿರಲ್ಲಿ!

ಅಲ್ಲಿಂದ ನಡೆದೇ ಹೋದರೆ ಚೈನಾ ಟೌನ್, ಪಕ್ಕದಲ್ಲೇ ಜುಮ್ಮಾ ಮಸೀದಿ. ಸಂಜೆ ಅಂಗಡಿಗಳು ಬೇಗ ಮುಚ್ಚುತ್ತವೆ, ಬೆಳಿಗ್ಗೆಯೇ ಹೊರಡಿ.

ಇನ್ನೊಂದು ದಿನ ಸಿಕ್ಕರೆ ಲೆ ಮೋರ್ನ್ ಬೆಟ್ಟ. ತಪ್ಪಿಸಿಕೊಂಡ ಗುಲಾಮರು ಅಡಗಿದ್ದ ಜಾಗ ಅದು. ಭಾರತೀಯರ ಕಥೆ ಮಾತ್ರ ಕೇಳಿ ಬಂದರೆ ಈ ದೇಶದ ಅರ್ಧವೂ ಗೊತ್ತಾಗಲ್ಲ, ಆಫ್ರಿಕಾ, ಮಡಗಾಸ್ಕರ್‌ನಿಂದ ಸರಪಳಿಯಲ್ಲಿ ಬಂದವರ ಬೆವರು ಇನ್ನೂ ಹಳೆಯದು. ತುದಿಯ ಏರು ಕಡಿದಾಗಿದೆ, ಗೈಡ್ ಇಟ್ಟುಕೊಳ್ಳಿ, ಒಳ್ಳೆ ಶೂ ಹಾಕಿ.

ದಿನ ಆರಿಸುವಾಗ ರಜೆಗಳ ಪಟ್ಟಿ ನೋಡಿ. ಈದ್, ಕ್ರಿಸ್‌ಮಸ್, ಚೀನೀ ಹೊಸ ವರ್ಷ, ತಮಿಳರ ಕಾವಡಿ ಹಬ್ಬ, ಎಲ್ಲಕ್ಕೂ ಸರ್ಕಾರಿ ರಜೆ. ಶಿವರಾತ್ರಿಗೆ ಸಾವಿರಾರು ಜನ ಕಾವಡಿ ಹೊತ್ತು ಗಂಗಾ ತಲಾವ್ ಅನ್ನೋ ಪವಿತ್ರ ಕೆರೆಗೆ ನಡೆದುಹೋಗುತ್ತಾರೆ, ರಸ್ತೆ ತುಂಬಿರುತ್ತೆ. ಮತ್ತೆ ಅಲ್ಲಿನ ತೆಲುಗರಿಂದಾಗಿ ಯುಗಾದಿಗೂ ರಜೆ ಇದೆ. ನಾನಂತೂ ಮುಂದಿನ ಸಲ ಯುಗಾದಿಗೇ ಟಿಕೆಟ್ ಮಾಡಿಸುತ್ತೇನೆ.