ಚಿಕ್ಕಮ್ಮ ಏನೂ ತಪ್ಪು ಒತ್ತಿರಲಿಲ್ಲ

ಭಾನುವಾರ, 16 ನವೆಂಬರ್ 2025
ತೀರ್ಥಹಳ್ಳಿ

ನಿನ್ನೆ ಸಂಜೆ ಚಿಕ್ಕಮ್ಮನ ಮನೆಗೆ ಬಂದೆ. ಕಾಫಿ ಲೋಟ ಕೈಗೆ ಕೊಡುತ್ತಲೇ, "ಆ ಕಂಪ್ಯೂಟರಿಗೆ ಏನಾಗಿದೆ ನೋಡೋ ಮಾರಾಯ, ದಿನಾ ನನ್ನ ಹೊರಗೆ ಹಾಕ್ತದೆ" ಅಂದರು.

ಅವರು ಪೇಪರ್ ಓದುವುದು ಅದರಲ್ಲೇ, ಚಂದಾ ಕಟ್ಟಿ. ಬೆಳಿಗ್ಗೆ ಲಾಗಿನ್ ಆಗಬೇಕು. ಕಂಟ್ರೋಲ್ ಹಿಡಿದು ನಾಲ್ಕು ಸಲ ಪ್ಲಸ್ ಒತ್ತಿದರೆ ಅಕ್ಷರ 150 ಪರ್ಸೆಂಟ್ ಆಗುತ್ತದೆ, ಆಗಲೇ ಅವರಿಗೆ ಓದಲು ಆಗುವುದು. ಮರುದಿನ ಮತ್ತೆ ಮೊದಲಿಂದ. ಓಟಿಪಿ ಬರುವುದು ಚಿಕ್ಕಪ್ಪನ ಫೋನಿಗೆ. ಅವರು ತೋಟಕ್ಕೆ ಹೋಗಿದ್ದರೆ ಅಲ್ಲಿ ಸಿಗ್ನಲ್ ಇಲ್ಲ, ಇಲ್ಲಿ ಪೇಪರ್ ಇಲ್ಲ.

ಕೀಬೋರ್ಡ್ ಪಕ್ಕ ಒಂದು ನೋಟ್‌ಬುಕ್. ಪಾಸ್‌ವರ್ಡ್ ಬರೆದು, ಹೊಡೆದು ಹಾಕಿ, ಕೆಳಗೆ ಹೊಸದು ಬರೆದು, ಒಂದೇ ಪುಟದಲ್ಲಿ ಹನ್ನೊಂದು. ಪಾಸ್‌ವರ್ಡೇ ಸರಿ ಇಲ್ಲವೇನೋ ಅಂತ ಬದಲಿಸುತ್ತಾ ಹೋಗಿದ್ದಾರೆ. "ನಾನೇ ಏನೋ ತಪ್ಪು ಒತ್ತಿರಬೇಕು. ವಯಸ್ಸಾಯ್ತಲ್ಲ" ಅಂದರು. ಆ ಮಾತು ಕೇಳಿ ತುಂಬಾ ಬೇಜಾರಾಯಿತು.

ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಟೋಕನ್ ನೆನಪಿಸಿಕೊಳ್ಳಿ ಅಂದೆ. ವೆಬ್‌ಸೈಟಿಗೆ ನಮ್ಮ ಮುಖ ಗೊತ್ತಿಲ್ಲ. ಒಂದೊಂದು ಪುಟ ಕೇಳಿದಾಗಲೂ ನಾವು ಅದಕ್ಕೆ ಹೊಸಬರೇ. ಅದಕ್ಕೇ ಲಾಗಿನ್ ಆದ ಕೂಡಲೇ ಬ್ರೌಸರಿಗೆ, ಅಂದರೆ ನಾವು ಸೈಟ್ ತೆರೆಯುವ ಪ್ರೋಗ್ರಾಮಿಗೆ, ಒಂದು ಚೀಟಿ ಕೊಡುತ್ತದೆ. ಮುಂದೆ ಪ್ರತಿ ಸಲ ಬ್ರೌಸರ್ ಆ ಚೀಟಿ ತೋರಿಸುತ್ತದೆ, ಸೈಟ್ ಗುರುತು ಹಿಡಿಯುತ್ತದೆ. ಅದೇ ಕುಕಿ. 1994ರಲ್ಲಿ ನೆಟ್‌ಸ್ಕೇಪ್ ಅನ್ನುವ ಬ್ರೌಸರ್ ಕಂಪನಿಯಲ್ಲಿದ್ದ ಲೂ ಮೊಂಟುಲ್ಲಿ ಮಾಡಿದ್ದು. ಚೀಟಿ ಕಳೆದರೆ ಪಾಸ್‌ವರ್ಡ್ ಎಷ್ಟೇ ಸರಿ ಇರಲಿ, ಮತ್ತೆ ಬಾಗಿಲಿಂದಲೇ ಬರಬೇಕು.

ಹಾಗಾದರೆ ಚೀಟಿ ಹರಿಯುತ್ತಿರುವವರು ಯಾರು? ಚಿಕ್ಕಮ್ಮನ ಬ್ರೌಸರ್ ಫೈರ್‌ಫಾಕ್ಸ್. ಅದರ ಸೆಟ್ಟಿಂಗ್ಸ್‌ನ ಪ್ರೈವಸಿ ಪುಟ ತೆಗೆದೆ. ಬ್ರೌಸರ್ ಮುಚ್ಚಿದಾಗ ಹಿಸ್ಟರಿ ಅಳಿಸು ಅನ್ನುವ ಕಡೆ ಟಿಕ್ ಇತ್ತು. ಅದರೊಳಗೆ ಕುಕಿಗೂ ಟಿಕ್, ಸೈಟ್ ಸೆಟ್ಟಿಂಗ್ಸ್‌ಗೂ ಟಿಕ್. ಈ ಎರಡನೆಯದೇ ಅಕ್ಷರದ ಗಾತ್ರ ನುಂಗುತ್ತಿದ್ದದ್ದು. ಯಾವ ಸೈಟಿಗೆ ಎಷ್ಟು ಜೂಮ್ ಅನ್ನುವುದು ಕುಕಿಯಲ್ಲಿ ಇರುವುದಿಲ್ಲ, ಬ್ರೌಸರ್ ತಾನೇ ಬೇರೆ ಕಡೆ ಬರೆದಿಟ್ಟುಕೊಳ್ಳುತ್ತದೆ. ಬರೀ ಕುಕಿಯ ಟಿಕ್ ತೆಗೆದಿದ್ದರೆ ಲಾಗಿನ್ ಉಳಿಯುತ್ತಿತ್ತು, ಅಕ್ಷರ ಮತ್ತೆ ಚಿಕ್ಕದಾಗುತ್ತಿತ್ತು.

ಮೂರು ತಿಂಗಳ ಹಿಂದೆ ರಿಪೇರಿಗೆ ಕೊಟ್ಟಿದ್ದರಂತೆ. ಅಲ್ಲಿ ಯಾರೋ ಒಳ್ಳೆಯದಕ್ಕೇ ಹಾಕಿಕೊಟ್ಟಿರಬಹುದು. ಹತ್ತು ಜನ ಕೂರುವ ಸೈಬರ್ ಸೆಂಟರಿಗೆ ಅದು ಸರಿಯೇ. ಮನೆಯಲ್ಲಿ ಒಬ್ಬರೇ ಬಳಸುವ ಕಂಪ್ಯೂಟರಿಗೆ ಯಾಕೆ? ಹಾಕಿದ ಮೇಲೆ ಒಂದು ಮಾತು ಹೇಳಬೇಕಿತ್ತು, ಅಲ್ವಾ?

ಎರಡೂ ಟಿಕ್ ತೆಗೆದೆ. ಎಲ್ಲಾ ಕಡೆ ಕಾರಣ ಇದೇ ಇರುವುದಿಲ್ಲ. ಪ್ರೈವೇಟ್ ವಿಂಡೋದಲ್ಲಿ ತೆರೆದರೆ ಮುಚ್ಚಿದ ಕೂಡಲೇ ಎಲ್ಲಾ ಹೋಗುತ್ತದೆ. ಕ್ಲೀನರ್ ಸಾಫ್ಟ್‌ವೇರ್‌ಗಳೂ ಕಸದ ಜೊತೆ ಕುಕಿ ಗುಡಿಸುತ್ತವೆ. ಆಪಲ್‌ನ ಸಫಾರಿ ಬ್ರೌಸರಿನಲ್ಲಿ, ಪುಟದೊಳಗಿನ ಸ್ಕ್ರಿಪ್ಟ್ (ಪುಟದ ಜೊತೆ ಬಂದು ಬ್ರೌಸರಿನಲ್ಲೇ ಓಡುವ ಸಣ್ಣ ಪ್ರೋಗ್ರಾಂ) ಬರೆದಿಟ್ಟ ಕುಕಿಗೆ 7 ದಿನವೇ ಆಯಸ್ಸು. ಕ್ರೋಮ್‌ನಲ್ಲಿ 2022ರಿಂದ ಯಾವ ಕುಕಿಯೂ 400 ದಿನಕ್ಕಿಂತ ಜಾಸ್ತಿ ಉಳಿಯದು, ಆ ಸೈಟಿಗೆ ಮತ್ತೆ ಹೋದಾಗ ಅದು ಹೊಸದು ಕೊಟ್ಟರೆ ಮಾತ್ರ ಮುಂದುವರಿಯುತ್ತದೆ.

ಇವತ್ತು ಬೆಳಿಗ್ಗೆ ನಾನು ಏಳುವ ಮೊದಲೇ ಚಿಕ್ಕಮ್ಮ ಕಂಪ್ಯೂಟರ್ ಮುಂದೆ ಇದ್ದರು. ಪೇಪರ್ ತೆರೆದಿತ್ತು, ದಪ್ಪ ಅಕ್ಷರದಲ್ಲಿ. ಮುಚ್ಚಿದರು, ತೆರೆದರು. ಮತ್ತೆ ಮುಚ್ಚಿ ತೆರೆದರು. ಪೂರ್ತಿ ಆಫ್ ಮಾಡಿ ಆನ್ ಮಾಡಿ ಇನ್ನೊಮ್ಮೆ ನೋಡಿದರು.

"ಬ್ಯಾಂಕಿನದ್ದು ಮಾತ್ರ ಈಗಲೂ ಹೊರಗೆ ಹಾಕ್ತದೆ" ಅಂದರು.

ಅದು ಬ್ಯಾಂಕಿನವರೇ ಮಾಡುವುದು, ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಅವರ ಕಡೆಯಿಂದಲೇ ಚೀಟಿ ರದ್ದು, ಹಾಗೇ ಇರಲಿ ಅಂದೆ. ತಲೆ ಆಡಿಸಿ ನೋಟ್‌ಬುಕ್ ಎತ್ತಿಕೊಂಡರು. ಹನ್ನೊಂದನೆಯ ಪಾಸ್‌ವರ್ಡಿನ ಸುತ್ತ ಒಂದು ಗೆರೆ ಎಳೆದು, ಪುಸ್ತಕವನ್ನು ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟು ಬಂದರು.